ಎಂಜಿನ್ನಿನ ವಯಸ್ಸೋ, ಮೈಯ ವಯಸ್ಸೋ?



ಈ ಬಾರಿಯ ವಿಷಯವನ್ನು ಕಂಡು ನಿಮ್ಮಲ್ಲಿ ಕೆಲವರು ನಗಬಹುದು. ಜೀವಮಾನದಲ್ಲಿ ಒಂದು ಸೈಕಲ್ಲು, ಒಂದು ಸ್ಕೂಟರು ಬಿಟ್ಟರೆ ಬೇರೆ ವಾಹನದ ಒಡೆಯನಾಗದ ವಿಜ್ಞಾನದ ಮೇಷ್ಟ್ರಿಗೆ ಕ್ಯಾಲಿಫೋರ್ನಿಯಾದ ಕಾರುಗಳ ಹೊಗೆಯ ಕಾನೂನಿನ ಗೊಡವೆ ಏಕೆ ಎಂದು ಕೇಳಬಹುದು. ಕಾರಣವಿದೆ. ಕಳೆದ ವರ್ಷ ಮಗಳ ಮನೆಯಲ್ಲಿ ಐದು ತಿಂಗಳು ಇದ್ದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನನ್ನಲ್ಲಿ ಒಂದು ಪ್ರಶ್ನೆ ಕೇಳಿದ. ನಾನು ಯೋಚಿಸದೆ ಉತ್ತರ ಕೊಟ್ಟೆ. ಆ ಉತ್ತರ ತಪ್ಪೆಂದು ಅಂದೇ ರಾತ್ರಿ ಅನ್ನಿಸಿತು. ತಪ್ಪು ಉತ್ತರ ಬರೆದ ನಿಮ್ಮಿಂದ ಹತ್ತು ಸಲ ತಿದ್ದಿ ಬರೆಸಿದವನು ನಾನು. ಈಗ ನನ್ನ ಸರದಿ.

ಆತ 1984ರ ಎಸ್ಸೆಸ್ಸೆಲ್ಸಿ ತಂಡದವನು. ಹೆಸರು ಬರೆದರೆ ಅವನಿಗೆ ಸಂಕೋಚವಾದೀತು. ಆದರೆ ಅವನ ಸಹಪಾಠಿಗಳು ಒಂದೇ ಗುರುತಿನಿಂದ ಹಿಡಿದುಬಿಡುತ್ತಾರೆ: ಬೇರಿಂಗ್ ಗಾಡಿ. ಲಾರಿ ರಿಪೇರಿಯವರ ಬಳಿ ಸವೆದ ಬೇರಿಂಗುಗಳನ್ನು ಬೇಡಿ ತಂದು, ಹಲಗೆಗೆ ಜೋಡಿಸಿ, ಶಾಲೆಯ ಮುಂದಿನ ಇಳಿಜಾರಿನಲ್ಲಿ ಕರಕರ ಸದ್ದು ಮಾಡುತ್ತ ಇಳಿಯುತ್ತಿದ್ದ ಹುಡುಗ. ಒಮ್ಮೆ ಎದುರಿನಿಂದ ಎತ್ತಿನಗಾಡಿ ಬಂದು ಅನಾಹುತವಾಗುವುದರಲ್ಲಿತ್ತು. ನಾನು ಆ ಗಾಡಿಯನ್ನು ಕಿತ್ತುಕೊಂಡು ಉಪಾಧ್ಯಾಯರ ಕೊಠಡಿಯ ಬೀರುವಿನ ಹಿಂದೆ ಇಟ್ಟೆ. ಬೇಸಗೆ ರಜೆ ಬರುವವರೆಗೂ ಅದು ಅಲ್ಲಿಯೇ ಇತ್ತು.

ಆ ಹುಡುಗ ಈಗ ಸ್ಯಾನ್ ಹೋಸೆಯ ಸಮೀಪ ಮನೆ ಮಾಡಿಕೊಂಡಿರುವ ಎಂಜಿನಿಯರು. ತಲೆಗೂದಲು ನನ್ನದಕ್ಕಿಂತ ಬೆಳ್ಳಗಾಗಿದೆ. ನಾನು ಬಂದಿರುವ ಸುದ್ದಿ ತಿಳಿದು ಒಂದು ಭಾನುವಾರ ಬಂದು ತನ್ನ ಮನೆಗೆ ಕರೆದೊಯ್ದ. ಊಟಕ್ಕೂ ಮೊದಲು ಗ್ಯಾರೇಜಿನ ಬಾಗಿಲು ಎತ್ತಿ ತೋರಿಸಿದ. ಒಳಗೆ ಕಡುನೀಲಿ ಬಣ್ಣದ, ನೆಲಕ್ಕೆ ಅಂಟಿದಂತಿದ್ದ, ಮಾಡಿಲ್ಲದ ಒಂದು ಕಾರು. ಮೂರು ವರ್ಷಗಳ ಶನಿವಾರ ಭಾನುವಾರಗಳನ್ನು ಸುರಿದು ತನ್ನ ಕೈಯಾರೆ ಕಟ್ಟಿದ್ದನಂತೆ.

ಇಂಥವನ್ನು ಅಲ್ಲಿ ಕಿಟ್ ಕಾರು ಎನ್ನುತ್ತಾರೆ. ಉಕ್ಕಿನ ಚೌಕಟ್ಟು, ಫೈಬರ್ ಗ್ಲಾಸಿನ ಮೈ, ಸಾವಿರಾರು ಬೋಲ್ಟು ನಟ್ಟುಗಳು ಪೆಟ್ಟಿಗೆಗಳಲ್ಲಿ ಬರುತ್ತವೆ. ಎಂಜಿನ್ನನ್ನು ಮಾತ್ರ ಕಟ್ಟುವವನೇ ಹೊಂದಿಸಿಕೊಳ್ಳಬೇಕು. ಹೊಸದಕ್ಕೆ ವಿಪರೀತ ಬೆಲೆಯಾದ್ದರಿಂದ ಬಹುಮಂದಿ ಗುಜರಿಗೆ ಬಿದ್ದ ಕಾರಿನಿಂದ ಬಿಚ್ಚಿ ತರುತ್ತಾರೆ. ಇವನ ಕಾರು ‘ಕೋಬ್ರಾ’ದ ಪ್ರತಿರೂಪ. ಇಂಗ್ಲೆಂಡಿನ ಎ.ಸಿ. ಕಂಪನಿಯ ಹಗುರವಾದ ಕಾರಿಗೆ ಫೋರ್ಡಿನ ಎಂಟು ಸಿಲಿಂಡರಿನ ಎಂಜಿನ್ನನ್ನು ಕೂರಿಸಿ ಕ್ಯಾರಲ್ ಶೆಲ್ಬಿ ಎಂಬಾತ 1962ರಲ್ಲಿ ಹೊರತಂದ ಕಾರು ಅದು. ಅಸಲಿ ಕೋಬ್ರಾಗಳು ಇರುವುದು ಬಹಳ ಕಡಿಮೆ, ನಕಲುಗಳೇ ಹೇರಳ. ಇವನದರ ಮೈ 1965ರ ಮಾದರಿಯದು. ಎಂಜಿನ್ನು 1990ರ ಫೋರ್ಡ್ ಮಸ್ಟ್ಯಾಂಗಿನ 5 ಲೀಟರಿನದು.

ಕೀಲಿ ತಿರುಗಿಸಿ ಚಾಲೂ ಮಾಡಿದ. ಆ ಗುಡುಗನ್ನು ಕೇಳಿ ನನಗೆ ಬೇರಿಂಗ್ ಗಾಡಿಯ ನೆನಪಾಯಿತು. ಅವನ ಮುಖದಲ್ಲಿದ್ದುದು ಅದೇ ಹದಿನಾಲ್ಕರ ಕಳೆ. ಆಗ ಪ್ರಶ್ನೆ ಬಂತು.

“ಸಾರ್, ಇಲ್ಲಿ ರಿಜಿಸ್ಟ್ರೇಷನ್ ಮಾಡಿಸೋವಾಗ ಎಂಜಿನ್ ವಯಸ್ಸು ಬೇಕಾದ್ರೂ ಹೇಳ್ಬಹುದು, ಮೈ ವಯಸ್ಸು ಬೇಕಾದ್ರೂ ಹೇಳ್ಬಹುದು. 1990 ಅಂದ್ರೆ ಎರಡು ವರ್ಷಕ್ಕೊಂದ್ಸಲ ಹೊಗೆ ಟೆಸ್ಟು. 1965 ಅಂದ್ರೆ ಟೆಸ್ಟೇ ಇಲ್ಲ. ನೀವೇನಂತೀರ?”

“ಇಷ್ಟು ಕಷ್ಟಪಟ್ಟಿದ್ದೀಯಪ್ಪ, ಸರ್ಕಾರವೇ ಕೊಡೋ ರಿಯಾಯಿತಿ. ತಗೋ,” ಎಂದುಬಿಟ್ಟೆ.

ಇದು ಹೇಗೆ ಸಾಧ್ಯ ಎಂದು ನಿಮಗೂ ಅನ್ನಿಸಬಹುದು. ಕಾನೂನನ್ನು ಸ್ವಲ್ಪ ವಿವರಿಸುತ್ತೇನೆ.

ಕ್ಯಾಲಿಫೋರ್ನಿಯಾದಲ್ಲಿ 1976 ಮತ್ತು ನಂತರದ ಮಾದರಿಯ ಪೆಟ್ರೋಲ್ ಕಾರುಗಳಿಗೆ, ತೀರ ಹೊಸವನ್ನು ಬಿಟ್ಟು, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಹೊಗೆ ತಪಾಸಣೆ ಕಡ್ಡಾಯ. 1975 ಮತ್ತು ಅದಕ್ಕೂ ಹಿಂದಿನವುಗಳಿಗೆ ಇಲ್ಲ. ಮನೆಯಲ್ಲಿ ಕಟ್ಟಿದ ಕಾರಿಗೆ ಹುಟ್ಟಿದ ವರ್ಷ ಯಾವುದು? ಈ ಗೊಂದಲಕ್ಕೆ 2001ರಲ್ಲಿ ಅಲ್ಲಿನ ಶಾಸನಸಭೆ ಒಂದು ಪರಿಹಾರ ಮಾಡಿತು. ಪ್ರತಿ ವರ್ಷ ಮೊದಲು ಅರ್ಜಿ ಹಾಕಿದ 500 ಕಾರುಗಳ ಒಡೆಯರಿಗೆ ಆಯ್ಕೆ: ಎಂಜಿನ್ನಿನ ಮಾದರಿಯ ವರ್ಷವನ್ನಾದರೂ ಹಿಡಿಯಬಹುದು, ಮೈ ಯಾವ ಕಾರನ್ನು ಹೋಲುತ್ತದೋ ಅದರ ವರ್ಷವನ್ನಾದರೂ ಹಿಡಿಯಬಹುದು. ಮೋಟಾರು ವಾಹನ ಇಲಾಖೆಯಲ್ಲಿ ಕ್ರಮಸಂಖ್ಯೆ ಪಡೆದು ‘ರೆಫರಿ’ ಎಂಬ ತಪಾಸಣಾಧಿಕಾರಿಯ ಬಳಿ ಹೋದರೆ ಆತ ಕಾರನ್ನು ನೋಡಿ ವರ್ಷವನ್ನು ನಿಗದಿಮಾಡುತ್ತಾನೆ. ಇನ್ನೂ ಸ್ವಾರಸ್ಯವಾದ ಮಾತೆಂದರೆ, ಮೈ ಯಾವ ಹಳೆಯ ಕಾರನ್ನೂ ಹೋಲದಿದ್ದರೆ ಅದಕ್ಕೆ 1960 ಎಂಬ ವರ್ಷವನ್ನು ಕೊಡಲಾಗುತ್ತದೆ. ಅಂದರೆ ನಿನ್ನೆ ನಿಮ್ಮ ಕಲ್ಪನೆಯಿಂದಲೇ ಮೂಡಿದ ಆಕಾರ ಕಾನೂನಿನ ಕಣ್ಣಿಗೆ ಅರವತ್ತು ದಾಟಿದ ವೃದ್ಧ!

ಆ ರಾತ್ರಿ ಮಗಳ ಮನೆಯಲ್ಲಿ ಮೊಮ್ಮಗಳು ಮಲಗುವ ಮುನ್ನ ಇನ್ಹೇಲರ್ ಹಿಡಿದು ಎರಡು ಬಾರಿ ಉಸಿರೆಳೆದುಕೊಂಡಳು. ದಿನವೂ ನೋಡುತ್ತಿದ್ದ ದೃಶ್ಯವೇ. ಅವಳ ಉಬ್ಬಸಕ್ಕೆ ನನ್ನ ವಿದ್ಯಾರ್ಥಿಯ ಕಾರು ಕಾರಣವೆಂದು ಹೇಳುವಷ್ಟು ಅವಿವೇಕಿ ನಾನಲ್ಲ. ಆದರೆ ಆ ಸದ್ದು ಕೇಳಿದಾಗ ನಾನು ಬೆಳಿಗ್ಗೆ ಆಡಿದ ಮಾತು ನೆನಪಾಗಿ ನಿದ್ದೆ ಹತ್ತಲಿಲ್ಲ.

ವಿಜ್ಞಾನ ಕಲಿಸಿದವನಿಗೆ ಮರೆಯಬಾರದ ಇತಿಹಾಸ ಆ ನೆಲದಲ್ಲಿಯೇ ಇದೆ. 1943ರ ಜುಲೈ ತಿಂಗಳಲ್ಲಿ ಲಾಸ್ ಏಂಜಲೀಸ್ ನಗರವನ್ನು ಕಣ್ಣುರಿಸುವ ಮಬ್ಬು ಕವಿದಾಗ, ಯುದ್ಧಕಾಲವಾದ್ದರಿಂದ, ಶತ್ರುಗಳ ವಿಷಾನಿಲದ ದಾಳಿಯೇ ಇರಬೇಕೆಂದು ಜನ ಹೆದರಿದ್ದರಂತೆ. ಅದರ ಗುಟ್ಟನ್ನು 1950ರ ದಶಕದ ಆರಂಭದಲ್ಲಿ ಬಿಡಿಸಿದವರು ಕ್ಯಾಲ್‌ಟೆಕ್ ಸಂಸ್ಥೆಯ ಆರಿ ಹಾಗನ್ ಸ್ಮಿತ್. ಅನಾನಸ್ ಹಣ್ಣಿನ ಪರಿಮಳದ ರಾಸಾಯನಿಕಗಳನ್ನು ಶೋಧಿಸುತ್ತಿದ್ದ ವಿಜ್ಞಾನಿ ಅವರು. ಅರೆಬರೆ ಸುಟ್ಟ ಪೆಟ್ರೋಲಿನ ಹೈಡ್ರೋಕಾರ್ಬನ್ನುಗಳೂ ನೈಟ್ರೋಜನ್ ಆಕ್ಸೈಡುಗಳೂ ಬಿಸಿಲಿನಲ್ಲಿ ಬೆರೆತು ಓಝೋನನ್ನು ಹುಟ್ಟಿಸುತ್ತವೆಂದು ಅವರು ತೋರಿಸಿಕೊಟ್ಟರು. ಮೇಲಿನ ವಾಯುಮಂಡಲದಲ್ಲಿ ನಮ್ಮನ್ನು ಕಾಯುವ ಓಝೋನ್ ನೆಲದ ಮಟ್ಟದಲ್ಲಿ ಶ್ವಾಸಕೋಶವನ್ನು ಸುಡುತ್ತದೆ. ಆ ರಾಜ್ಯದ ವಾಯು ಸಂಪನ್ಮೂಲ ಮಂಡಳಿ 1967ರಲ್ಲಿ ರಚನೆಯಾದಾಗ ಅದರ ಮೊದಲ ಅಧ್ಯಕ್ಷರಾದವರೂ ಅವರೇ.

ಅಲ್ಲಿಂದ ಮುಂದಿನ ಕಥೆ ಕೆಟಲಿಟಿಕ್ ಕನ್ವರ್ಟರಿನದು. ಅಮೆರಿಕದಲ್ಲಿ 1975ರ ಮಾದರಿಯಿಂದ ಇದು ಕಾರುಗಳಲ್ಲಿ ವ್ಯಾಪಕವಾಗಿ ಬಂತು. ಜೇನುಗೂಡಿನಂತಹ ಪಿಂಗಾಣಿ, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂಗಳ ಲೇಪ. ಹಾಯ್ದುಹೋಗುವ ಕಾರ್ಬನ್ ಮಾನಾಕ್ಸೈಡು ಇಂಗಾಲದ ಡೈಆಕ್ಸೈಡಾಗುತ್ತದೆ, ಉರಿಯದ ಇಂಧನ ಉರಿಯುತ್ತದೆ, ನೈಟ್ರೋಜನ್ ಆಕ್ಸೈಡು ನಿರಪಾಯಕಾರಿ ನೈಟ್ರೋಜನ್ ಆಗುತ್ತದೆ. ಕ್ರಿಯಾವರ್ಧಕ ತಾನು ವ್ಯಯವಾಗದೆ ಕ್ರಿಯೆಯ ವೇಗವನ್ನು ಹೆಚ್ಚಿಸುತ್ತದೆ ಎಂದು ಒಂಬತ್ತನೆಯ ತರಗತಿಯಲ್ಲಿ ನೀವು ಬಾಯಿಪಾಠ ಮಾಡಿದ್ದು ಇದನ್ನೇ. ಈ ಮೂರು ಕೆಲಸವೂ ಒಟ್ಟಿಗೆ ನಡೆಯಬೇಕಾದರೆ ಪೆಟ್ರೋಲಿನ ಒಂದು ಪಾಲಿಗೆ ಗಾಳಿ ತೂಕದಲ್ಲಿ 14.7 ಪಾಲಿನ ಆಸುಪಾಸಿನಲ್ಲಿಯೇ ಇರಬೇಕು. ಹೊಗೆಕೊಳವೆಯಲ್ಲಿರುವ ಆಮ್ಲಜನಕದ ಸಂವೇದಕ, ಎಂಜಿನ್ನಿನ ಪುಟ್ಟ ಕಂಪ್ಯೂಟರ್ ಸೇರಿ ಇದನ್ನು ಕ್ಷಣಕ್ಷಣಕ್ಕೂ ಸರಿಪಡಿಸುತ್ತಿರುತ್ತವೆ. 1990ರ ಆ ಎಂಜಿನ್ನು ಇವೆಲ್ಲವುಗಳೊಂದಿಗೇ ಹುಟ್ಟಿತ್ತು. 1965ರ ಮೈಯೊಳಗೆ ಕುಳಿತಾಕ್ಷಣ ಇವೆಲ್ಲವನ್ನೂ ಕಿತ್ತೊಗೆಯಲು ಕಾನೂನೇ ದಾರಿ ಬಿಡುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುವಂತೆ, 1970ರ ಮಾದರಿಗಳಿಗೆ ಹೋಲಿಸಿದರೆ ಇಂದಿನ ಹೊಸ ಕಾರುಗಳು ಸಾಮಾನ್ಯ ಮಾಲಿನ್ಯಕಾರಕಗಳ ವಿಷಯದಲ್ಲಿ ಸುಮಾರು ಶೇ. 99ರಷ್ಟು ಶುದ್ಧ. ಎಂದರೆ ನಿಯಂತ್ರಣವಿಲ್ಲದ ಒಂದು ಕಾರು ಸುಮಾರು 100 ಹೊಸ ಕಾರುಗಳಿಗೆ ಸಮ. ಕಿಟ್ ಕಾರುಗಳು ದಿನವೂ ಓಡುವುದಿಲ್ಲ. ಉಳಿದ ಕಾರುಗಳ ಹತ್ತನೆಯ ಒಂದು ಪಾಲು ದೂರವನ್ನಷ್ಟೇ ಕ್ರಮಿಸುತ್ತವೆ ಎಂದಿಟ್ಟುಕೊಳ್ಳೋಣ. ಆಗ ಒಂದು 10ಕ್ಕೆ ಸಮ. ವರ್ಷಕ್ಕೆ 500ರಂತೆ ಇಪ್ಪತ್ತು ವರ್ಷದಲ್ಲಿ ಹೆಚ್ಚೆಂದರೆ 10,000 ಕಾರು. ಎಲ್ಲರೂ ಮೈಯ ವರ್ಷವನ್ನೇ ಆರಿಸಿಕೊಂಡರೆ ಒಂದು ಲಕ್ಷ ಹೊಸ ಕಾರುಗಳ ಹೊಗೆ. ಮೂರು ಕೋಟಿಗೂ ಮೀರಿದ ವಾಹನಗಳಿರುವ ರಾಜ್ಯದಲ್ಲಿ ಇದು ಅಲ್ಪವೇ. ಆದರೆ ಸೊನ್ನೆಯಲ್ಲ. ನಾನು ಲೆಕ್ಕದ ಉತ್ತರಪತ್ರಿಕೆಯಲ್ಲಿ ಅಲ್ಪಕ್ಕೂ ಸೊನ್ನೆಗೂ ವ್ಯತ್ಯಾಸ ಕಾಣದವರಿಗೆ ಅಂಕ ಕೊಟ್ಟವನಲ್ಲ.

ನನಗೆ ಹೆಚ್ಚು ಚುಚ್ಚಿದ್ದು ಮೊತ್ತವಲ್ಲ, ತತ್ತ್ವ. ಉಸಿರಾಡುವವನ ಎದೆಗೆ ಇಳಿಯುವುದು ಎಂಜಿನ್ನಿನ ಹೊಗೆಯೇ ಹೊರತು ಮೈಯ ಚೆಲುವಲ್ಲ. ಹುಡುಗನ ಉತ್ತರವನ್ನು ಓದದೆ, ಇವನ ಮುಖ ತಾತನನ್ನು ಹೋಲುತ್ತದೆ, ತಾತನಿಗೆ ಎಷ್ಟು ಅಂಕ ಬಂದಿತ್ತೋ ಅಷ್ಟೇ ಇವನಿಗೂ ಎಂದು ಮೌಲ್ಯಮಾಪನ ಮಾಡಿದರೆ ಹೇಗಿರುತ್ತದೆ? ಮೈ ನೋಡಿ ಹೊಗೆಯ ವರ್ಷವನ್ನು ನಿರ್ಧರಿಸುವುದೂ ಹಾಗೆಯೇ.

ಹೀಗೆಲ್ಲ ಬರೆಯುವ ಅಧಿಕಾರ ನಿಮಗಿದೆಯೇ ಮೇಷ್ಟ್ರೇ ಎಂದು ನೀವು ಕೇಳುವ ಮೊದಲು ನಾನೇ ಒಂದು ಮಾತನ್ನು ಒಪ್ಪಿಸಬೇಕು. ನಿಮ್ಮಲ್ಲಿ ಹಲವರಿಗೆ ನನ್ನ ಬೂದುಬಣ್ಣದ ಸ್ಕೂಟರು ನೆನಪಿರಬಹುದು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಎರಡು ಸ್ಟ್ರೋಕಿನ ಗಾಡಿ. ಬೆಳಿಗ್ಗೆ ಅದನ್ನು ಎಂಟನೆಯ ತರಗತಿಯ ಕಿಟಕಿಯ ಪಕ್ಕದ ಬೇವಿನ ಮರದಡಿ ನಿಲ್ಲಿಸುತ್ತಿದ್ದೆ. ನೀಲಿ ಹೊಗೆ ಕಿಟಕಿಯಿಂದ ಒಳಗೆ ಹೋಗುತ್ತಿತ್ತು. ನಿವೃತ್ತಿಗೆ ಎರಡು ವರ್ಷ ಇದ್ದಾಗ ಒಂದು ದಿನ ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಹೊರಟಿದ್ದೆ. ಹೊಗೆ ತಪಾಸಣೆಯ ಚೀಟಿಯ ಅವಧಿ ಮುಗಿದಿತ್ತು. ದಾರಿಯ ಅಂಗಡಿಯೊಂದರಲ್ಲಿ ನಿಲ್ಲಿಸಿದೆ. ಅಲ್ಲಿದ್ದ ಹುಡುಗ ಕೊಳವೆಗೆ ನಳಿಕೆಯನ್ನು ತೂರಿಸಲೇ ಇಲ್ಲ. ನಂಬರನ್ನು ಬರೆದುಕೊಂಡು, ಅಂಕಿಗಳನ್ನು ತುಂಬಿ, ಚೀಟಿಯನ್ನು ಕೈಗಿತ್ತ. ನನಗೆ ತಡವಾಗಿತ್ತು. ಹಣ ಕೊಟ್ಟು, ಚೀಟಿಯನ್ನು ಜೇಬಿಗಿಳಿಸಿ ಹೊರಟೆ. ಆ ದಿನವಿಡೀ ಮಕ್ಕಳ ಉತ್ತರಪತ್ರಿಕೆಗಳಲ್ಲಿ ಅರ್ಧ ಅಂಕಕ್ಕೂ ನ್ಯಾಯ ತೂಗಿದೆ. ನನ್ನ ಜೇಬಿನಲ್ಲಿ ಸುಳ್ಳು ಅಂಕಪಟ್ಟಿಯಿತ್ತು. ಕಿಟಕಿಯ ಪಕ್ಕ ಕುಳಿತು ಮೂಗಿಗೆ ಕರವಸ್ತ್ರ ಹಿಡಿಯುತ್ತಿದ್ದ ಮಕ್ಕಳೇ, ತಡವಾಗಿಯಾದರೂ ನಿಮ್ಮಲ್ಲಿ ಕ್ಷಮೆ ಬೇಡುತ್ತೇನೆ.

ಮರುದಿನ ವಿದ್ಯಾರ್ಥಿಗೆ ದೂರವಾಣಿ ಮಾಡಿದೆ. ನಿನ್ನೆ ಹೇಳಿದ್ದು ತಪ್ಪು, ಎಂಜಿನ್ನಿನ ವರ್ಷವನ್ನೇ ಹಿಡಿ ಎಂದೆ. ಅವನು ಜೋರಾಗಿ ನಕ್ಕ.

“ಅವತ್ತು ಬೇರಿಂಗ್ ಗಾಡಿ ಕಿತ್ಕೊಂಡ್ರಿ, ಇವತ್ತು ಇದನ್ನೂ ಕಿತ್ಕೋತೀರಾ ಸಾರ್?” ಎಂದ. ಆಮೇಲೆ ಗಂಭೀರವಾಗಿ ತನ್ನ ತೊಡಕನ್ನು ವಿವರಿಸಿದ. ಅದನ್ನು ಕೇಳಿದ ಮೇಲೆ ನನ್ನ ತೀರ್ಪೂ ಅಷ್ಟು ಸರಳವಾಗಿ ಉಳಿಯಲಿಲ್ಲ.

ಎಂಜಿನ್ನಿನ ವರ್ಷವನ್ನು ಆರಿಸಿಕೊಂಡರೆ ಆ ವರ್ಷದ ಕಾರಿನಲ್ಲಿದ್ದ ಹೊಗೆ ನಿಯಂತ್ರಣದ ಸಾಧನಗಳೂ ಇರಬೇಕು. ಗುಜರಿಯಿಂದ ತಂದ ಎಂಜಿನ್ನಿಗೆ ಅದರ ಗಾಳಿಯ ಪಂಪಾಗಲಿ, ಕೊಳವೆಗಳಾಗಲಿ ಜೊತೆಯಲ್ಲಿ ಬಂದಿರಲಿಲ್ಲ. ಮೂವತ್ತೈದು ವರ್ಷ ಹಳೆಯ ಬಿಡಿಭಾಗಗಳನ್ನು ಹುಡುಕುವುದು ಕಷ್ಟ. ಸಿಕ್ಕರೂ ಕೋಬ್ರಾದ ಇಕ್ಕಟ್ಟಾದ ಮೂತಿಯೊಳಗೆ ಅವು ಹಿಡಿಸುವುದಿಲ್ಲ. ಅವುಗಳ ಬದಲು ಇಂದಿನ ಉತ್ತಮ ಕನ್ವರ್ಟರುಗಳನ್ನೂ ಹೊಸ ಸಂವೇದಕಗಳನ್ನೂ ಹಾಕಿ, ಮೂಲಕ್ಕಿಂತ ಶುದ್ಧವಾದ ಹೊಗೆ ಬರುವಂತೆ ಮಾಡಬಲ್ಲೆ, ಆದರೆ ಪಟ್ಟಿಯೊಡನೆ ತಾಳೆಯಾಗದಿದ್ದರೆ ಅನುತ್ತೀರ್ಣನಾಗುತ್ತೇನೆ ಎಂಬುದು ಅವನ ಅಳಲು. ಒಂದು ದಾರಿಯಲ್ಲಿ ಏನನ್ನೂ ಕೇಳುವುದಿಲ್ಲ. ಇನ್ನೊಂದರಲ್ಲಿ ಒದಗಿಸಲಾಗದ್ದನ್ನು ಕೇಳುತ್ತಾರೆ. ಹೀಗಿದ್ದರೆ ಪ್ರಾಮಾಣಿಕನೂ ಸುಲಭದ ದಾರಿಯನ್ನೇ ಹಿಡಿಯುತ್ತಾನೆ.

ಬಿಡಿಭಾಗಗಳ ಪಟ್ಟಿಗೂ ಕಾರಣವಿಲ್ಲದಿಲ್ಲ. ತಪಾಸಣೆಯ ದಿನ ಮಾತ್ರ ಎಂಜಿನ್ನನ್ನು ಹದಗೊಳಿಸಿ ಪಾಸಾಗಿ, ಮನೆಗೆ ಬಂದು ತಿರುಪು ಬದಲಿಸುವ ಜಾಣರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಟ್ಯಾಂಕಿನಿಂದ ಆವಿಯಾಗುವ ಪೆಟ್ರೋಲು ಹೊಗೆಕೊಳವೆಯ ಅಳತೆಗೆ ಸಿಕ್ಕುವುದೂ ಇಲ್ಲ. ಆದರೂ ಕನ್ವರ್ಟರು, ಸಂವೇದಕ, ಆವಿಯನ್ನು ಹಿಡಿದಿಡುವ ಡಬ್ಬಿ, ಈ ಮುಖ್ಯವಾದವು ಇವೆಯೇ ಎಂದು ನೋಡಿ, ಉಳಿದುದನ್ನು ಅಳತೆಗೆ ಬಿಡಬಹುದಲ್ಲವೇ?

ಬ್ರಿಟನ್ನಿನಲ್ಲಿಯೂ ಮನೆಯಲ್ಲಿ ಕಾರು ಕಟ್ಟುವ ಹವ್ಯಾಸ ಬಹಳ ಹಳೆಯದು. ಅಲ್ಲಿ ಇಂಥ ಕಾರು ರಸ್ತೆಗಿಳಿಯುವ ಮುನ್ನ ಬಿಡಿ ವಾಹನದ ಅನುಮೋದನೆ ಪರೀಕ್ಷೆಯನ್ನು ದಾಟಬೇಕು. ಹೊಗೆಯ ಮಿತಿಗೆ ಎಂಜಿನ್ನಿನ ವಯಸ್ಸೇ ಆಧಾರ. ಆ ವಯಸ್ಸನ್ನು ದಾಖಲೆಯಿಂದ ತೋರಿಸುವ ಹೊಣೆ ಕಟ್ಟಿದವನದು. ಅಲ್ಲಿನ ಪೆಟ್ರೋಲ್ ಕಾರುಗಳ ತಪಾಸಣೆಯ ಮಿತಿಗಳೂ ಮೆಟ್ಟಿಲು ಮೆಟ್ಟಿಲಾಗಿವೆ: 1975ರ ಆಗಸ್ಟಿಗೂ ಹಿಂದಿನವಕ್ಕೆ ಕಣ್ಣಿಗೆ ಕಾಣುವ ಹೊಗೆಯ ಪರೀಕ್ಷೆ ಮಾತ್ರ, ಅಲ್ಲಿಂದ 1986ರ ಜುಲೈವರೆಗಿನವಕ್ಕೆ ಕಾರ್ಬನ್ ಮಾನಾಕ್ಸೈಡು ಶೇ. 4.5 ಮೀರಬಾರದು, 1992ರ ಜುಲೈವರೆಗಿನವಕ್ಕೆ ಶೇ. 3.5; ಅಲ್ಲಿಂದಾಚೆಗೆ ಕನ್ವರ್ಟರು ಇರುವ ಕಾರುಗಳಿಗೆ ಇನ್ನೂ ಬಿಗಿಯಾದ ಮಿತಿ. ಹಳೆಯ ಎಂಜಿನ್ನಿನಿಂದ ಹೊಸದರ ಸಾಧನೆಯನ್ನು ಕೇಳುವುದಿಲ್ಲ. ಅದು ತನ್ನ ಕಾಲದಲ್ಲಿ ಮಾಡಬಲ್ಲದ್ದಾಗಿದ್ದುದನ್ನು ಮಾಡು ಎನ್ನುತ್ತಾರೆ. ಇದು ಮೇಷ್ಟ್ರಾದ ನನಗೆ ಒಪ್ಪುವ ಮಾತು. ಆರನೆಯ ತರಗತಿಯವನಿಗೆ ಹತ್ತನೆಯ ತರಗತಿಯ ಪ್ರಶ್ನೆಪತ್ರಿಕೆ ಬೇಡ. ಹಾಗೆಂದು ಹತ್ತನೆಯ ತರಗತಿಯವನು ಚಡ್ಡಿ ಹಾಕಿಕೊಂಡು ಬಂದ ಮಾತ್ರಕ್ಕೆ ಒಂದನೆಯ ತರಗತಿಯಲ್ಲಿ ಕೂರಿಸುವುದೂ ಬೇಡ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಮೈಯ ಹೋಲಿಕೆಯ ಆಯ್ಕೆಯನ್ನು ತೆಗೆಯಬೇಕು. ಎಂಜಿನ್ನಿನ ವರ್ಷದ ಮಿತಿಯನ್ನು ಎಲ್ಲರಿಗೂ ಅನ್ವಯಿಸಿ, ನೆರೆಮನೆಯವನ ಕಾರಿನಂತೆಯೇ ಎರಡು ವರ್ಷಕ್ಕೊಮ್ಮೆ ಹೊಗೆಯನ್ನು ಅಳೆಯಬೇಕು. ಅದಕ್ಕೆ ಪ್ರತಿಯಾಗಿ, ಈ ದಾರಿಯಲ್ಲಿ ಬರುವವರಿಗೆ 500ರ ಮಿತಿಯೂ ಇರಬಾರದು, ಮೂಲ ಬಿಡಿಭಾಗಗಳ ಹಠವೂ ಇರಬಾರದು. ಕೈಯಿಂದ ಕಟ್ಟುವವರು ಕಡಿಮೆಯಾಗುತ್ತಿರುವ ಕಾಲ ಇದು. ಅವರನ್ನು ವರ್ಷಾರಂಭದ ಸರದಿಗೆ ನಿಲ್ಲಿಸಿ ಕಾಯಿಸಬೇಕಾಗಿಲ್ಲ. ನಿಜವಾದ ಹಳೆಯ ಕಾರುಗಳ ಮಾತು ಬೇರೆ. ಅವು ಹುಟ್ಟಿದ್ದೇ ಹಾಗೆ.

ನಮ್ಮ ನಾಡಿನ ಮಾತನ್ನೂ ಹೇಳಬೇಕು. ನಮ್ಮಲ್ಲಿ ಗುಜರಿಯ ಮಾರುತಿ ಎಂಜಿನ್ನಿನಿಂದ ಗಾಡಿ ಕಟ್ಟುವ ಹುಡುಗರು ಅಲ್ಲಲ್ಲಿ ಇದ್ದಾರೆ; ಅವರಿಗೆ ರಸ್ತೆಯ ಹಕ್ಕು ಸಿಗುವ ಸುಗಮವಾದ ದಾರಿಯೇ ಇಲ್ಲ. ತಯಾರಕರ ಮೂಲ ವಿವರಣೆಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವನ್ನು ಅರ್ಥೈಸಿತು. ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯೇ. 2020ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಭಾರತ್ 6ರ ಮಾನದಂಡವೂ ಜಾರಿಗೆ ಬಂದಿದೆ. ಆದರೆ ಎಷ್ಟು ಉನ್ನತವಾದ ಮಾನದಂಡವಿದ್ದರೂ ಕೊಳವೆಗೆ ನಳಿಕೆಯನ್ನು ತೂರಿಸದೆ ಚೀಟಿ ಕೊಟ್ಟರೆ, ತೆಗೆದುಕೊಂಡರೆ, ಫಲವೇನು? ಅಳತೆ ನಿಜವಾಗಿದ್ದಾಗ ಮಾತ್ರ ಕಟ್ಟುವ ಹುಡುಗರಿಗೂ ಧೈರ್ಯವಾಗಿ ದಾರಿ ತೆರೆಯಬಹುದು.

ಕೊನೆಗೆ ನನ್ನ ವಿದ್ಯಾರ್ಥಿ ಏನು ಮಾಡಿದ ಎಂಬ ಕುತೂಹಲ ನಿಮಗಿರಬಹುದು. ಕಳೆದ ತಿಂಗಳು ಪತ್ರ ಬರೆದಿದ್ದಾನೆ. ಕಾಗದದಲ್ಲಿ 1965 ಎಂದೇ ಬರೆಸಿದ. ಆದರೆ ಇಕ್ಕೆಲಗಳ ಕೊಳವೆಗಳೊಳಗೆ ಎರಡು ಕನ್ವರ್ಟರುಗಳನ್ನು ಸೇರಿಸಿ, ಸಂವೇದಕಗಳನ್ನು ಜೋಡಿಸಿ, ಪರಿಚಯದ ತಪಾಸಣೆಯ ಅಂಗಡಿಯಲ್ಲಿ ತಾನೇ ದುಡ್ಡು ಕೊಟ್ಟು ಹೊಗೆಯನ್ನು ಅಳೆಸಿದ್ದಾನೆ. 1990ರ ಮಿತಿಗಿಂತ ಎಷ್ಟೋ ಕೆಳಗಿದೆಯಂತೆ. ಗುಡುಗು ಸ್ವಲ್ಪ ಮೆತ್ತಗಾಗಿದೆ ಎಂದು ಕೊರಗಿದ್ದಾನೆ.

ನನಗೆ ಸಂತೋಷವಾಯಿತು, ಪೂರ್ಣ ಸಮಾಧಾನವಾಯಿತೆಂದು ಹೇಳಲಾರೆ. ನನ್ನ ಸ್ಕೂಟರಿನ ಚೀಟಿ ಶುದ್ಧವಾಗಿತ್ತು, ಹೊಗೆ ಹೊಲಸಾಗಿತ್ತು. ಅವನ ಕಾರಿನ ಹೊಗೆ ಶುದ್ಧವಾಗಿದೆ, ಕಾಗದದಲ್ಲಿ ಇಪ್ಪತ್ತೈದು ವರ್ಷಗಳ ಸುಳ್ಳಿದೆ. ಎರಡರಲ್ಲಿ ಒಂದನ್ನು ಆರಿಸೆಂದರೆ ಅವನದನ್ನೇ ಆರಿಸುತ್ತೇನೆ. ಆದರೆ ಎರಡೂ ನಿಜವಾಗಿರುವಂತೆ ನಿಯಮವನ್ನು ಬರೆಯುವುದು ಅಸಾಧ್ಯವೇನಲ್ಲ. ಮುಂದಿನ ಸಲ ಅಲ್ಲಿಗೆ ಹೋದರೆ, ಮೊಮ್ಮಗಳನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿಬರೋಣವೆಂದು ಬರೆದಿದ್ದಾನೆ. ಆಗಲಿ ಎಂದು ಉತ್ತರಿಸಿದ್ದೇನೆ.

ನಿಮ್ಮ ಗಾಡಿಗಳ ಚೀಟಿಯನ್ನು ಒಮ್ಮೆ ತೆಗೆದು ನೋಡಿ. ಕೊನೆಯ ಬಾರಿ ನಳಿಕೆಯನ್ನು ತೂರಿಸಿದ್ದರೇ ಎಂದು ನೆನಪಿಸಿಕೊಳ್ಳಿ. ಏನೆನ್ನಿಸಿತೆಂದು ಬರೆಯಿರಿ.

ನಿಮ್ಮ ಮೇಷ್ಟ್ರು